ಒಂದೇ ಕೈಗೆ ಬಂದ ಎರಡು ಸರದಿ

ಕೋಚಬಾಂಬಾ ಊರಿನ ದೊಡ್ಡ ಸಂತೆಯಲ್ಲಿ ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಹೆಂಗಸರದೇ ಒಂದು ಸಾಲಿದೆ. ಆ ಸಾಲಿಗೆ ಹೋಗಿ ಕೈಬಿಗಿ ಬಾಸಿಲಿಯಾ ಎಲ್ಲಿ ಕೂರುವುದು ಎಂದು ಕೇಳಿದರೆ ಎಳೆ ಮಕ್ಕಳೂ ತೋರಿಸುತ್ತಿದ್ದವು. ಅದು ಬೈಗುಳವಲ್ಲ, ಬಿರುದು. ಒಂದು ಕಾಸು ಸಾಲ ಮಾಡದೆ ಎರಡಂತಸ್ತಿನ ಮನೆ ಕಟ್ಟಿದವಳು, ಮಗಳನ್ನು ನರ್ಸಿಂಗ್ ಓದಿಸಿದವಳು, ಹಬ್ಬದ ದಿನವೂ ಹಳೇ ಟೋಪಿಯನ್ನೇ ಉಜ್ಜಿ ಹಾಕಿಕೊಂಡು ಹೊರಡುವವಳು. ಹೊಸದಾಗಿ ಅಂಗಡಿ ಹಾಕಿದ ಹುಡುಗಿಯರನ್ನು ಅವರ ತಾಯಂದಿರು ಇವಳ ಮುಂದೆ ನಿಲ್ಲಿಸಿ, ನಾಲ್ಕು ಬುದ್ಧಿಮಾತು ಹೇಳಿ ಎನ್ನುತ್ತಿದ್ದರು. ಬಾಸಿಲಿಯಾ ಹೇಳುತ್ತಿದ್ದಳು. ಹೇಳುವುದರಲ್ಲಿ ಅವಳಿಗೆ ಖುಷಿಯೂ ಇತ್ತು. ಬೆಳಗಿನ ಮೊದಲ ವ್ಯಾಪಾರದ ದುಡ್ಡನ್ನು ಮುಟ್ಟಬಾರದು, ಹಸಿದಾಗ ಸಂತೆಯಲ್ಲಿ ತಿನ್ನದೆ ಮನೆಯಿಂದ ಬುತ್ತಿ ತರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನೆಂಟರಿಗೆ ಇಲ್ಲ ಎನ್ನುವುದನ್ನು ಕಲಿಯಬೇಕು.

ಈ ಕೊನೆಯ ಮಾತಿಗೆ ಯಾರಾದರೂ ನಗಬೇಕಿತ್ತು. ಯಾರೂ ನಗುತ್ತಿರಲಿಲ್ಲ. ಇಲ್ಲ ಎನ್ನೋಣವೆಂದರೆ ಬಾಸಿಲಿಯಾಳಿಗೆ ನೆಂಟರೇ ಇರಲಿಲ್ಲ. ಒಬ್ಬಳೇ ಮಗಳಾಗಿ ಹುಟ್ಟಿದಳು. ಅಪ್ಪ ಅಮ್ಮ ಇಬ್ಬರೂ ಹಾಸಿಗೆ ಹಿಡಿಯದೆ, ಆಸ್ಪತ್ರೆಯ ಮೆಟ್ಟಿಲು ಹತ್ತದೆ ಹೋದರು, ಹೋಗುವಾಗ ಸಂತೆಯ ಅಂಗಡಿಯನ್ನು ಇವಳ ಹೆಸರಿಗೆ ಬಿಟ್ಟುಹೋದರು. ಗಂಡ ಲಾರಿ ಓಡಿಸುತ್ತಿದ್ದ. ಲಾರಿ ಓಡಿಸಿಯೂ ಕುಡಿಯದ ಗಂಡಸು ಎಂದರೆ ನಮ್ಮ ಕಡೆ ಜನ ತಿರುಗಿ ನೋಡುತ್ತಾರೆ, ಅಂಥವನು. ಅವನ ಲಾರಿ ಕಣಿವೆಗೆ ಬಿದ್ದಾಗ ಮಾಲೀಕ ತಕರಾರು ತೆಗೆಯದೆ ಪರಿಹಾರ ಕೊಟ್ಟ. ಮನೆಯ ಮೇಲಿನ ಅಂತಸ್ತು ಎದ್ದದ್ದು ಆ ದುಡ್ಡಿನಲ್ಲಿ. ದುಃಖದಲ್ಲೂ ಅದೃಷ್ಟ ಅವಳ ಕೈ ಬಿಟ್ಟಿರಲಿಲ್ಲ. ಆದರೆ ಅವಳ ಲೆಕ್ಕದಲ್ಲಿ ಅದೃಷ್ಟ ಎಂಬ ಬಾಬತ್ತೇ ಇರಲಿಲ್ಲ, ಎಲ್ಲವೂ ತನ್ನ ಕೈಬಿಗಿಯಿಂದಲೇ ಆದದ್ದು ಎಂದು ನಂಬಿದ್ದಳು.

ಪಕ್ಕದ ಅಂಗಡಿ ಹಸಿಂತಾಳದು. ಅವಳದು ಎನ್ನುವುದೂ ತಪ್ಪೇ, ಬಾಡಿಗೆಗೆ ಹಿಡಿದದ್ದು. ನೆರಿಗೆ ಲಂಗಗಳ ಅಂಚಿಗೆ ಹಾಕುವ ಲೇಸು, ಜಡೆಯ ತುದಿಗೆ ಕಟ್ಟುವ ಕುಚ್ಚು, ರಿಬ್ಬನ್ನು ಮಾರುತ್ತಿದ್ದಳು. ಬಾಸಿಲಿಯಾ ಬರುವ ಹೊತ್ತಿಗೇ ಬರುತ್ತಿದ್ದಳು, ಅವಳು ಬಾಗಿಲು ಹಾಕಿದ ಮೇಲೂ ಕೂತಿರುತ್ತಿದ್ದಳು. ನಾಲಿಗೆ ಚುರುಕು, ಗಿರಾಕಿಗಳಿಗೆ ಅವಳೆಂದರೆ ಪ್ರೀತಿ. ನಿಜ ಹೇಳಬೇಕೆಂದರೆ ವ್ಯಾಪಾರ ಅವಳದೇ ಒಂದು ಕೈ ಮೇಲಿತ್ತು. ಆದರೆ ಬಂದ ದುಡ್ಡು ಸಂಜೆಯೊಳಗೆ ಯಾರದೋ ಹೊಟ್ಟೆಗೆ, ಯಾರದೋ ಮಾತ್ರೆಗೆ, ಯಾರದೋ ಶಾಲೆಯ ಬೂಟಿಗೆ ಹೋಗಿಬಿಡುತ್ತಿತ್ತು. ಮನೆಯಲ್ಲಿ ಮಂಡಿನೋವಿನ ತಾಯಿ ಇಸಿದೋರಾ. ತಮ್ಮ ವಿತಾಲಿಯೊ ಬ್ಯಾಂಡಿನಲ್ಲಿ ತುತ್ತೂರಿ ಊದುವವನು, ಊದಿದ ದುಡ್ಡಿಗೆ ಜೋಳದ ಚಿಚಾ ಕುಡಿದು ಬರಿಗೈಲಿ ಮನೆಗೆ ಬರುವವನು. ಅವನ ಹೆಂಡತಿ ಬೇಸತ್ತು ಕಂಬಿ ಕಿತ್ತಿದ್ದಳು, ಮೂವರು ಮಕ್ಕಳು ಹಸಿಂತಾಳ ಪಾಲಿಗೆ ಬಿದ್ದಿದ್ದವು. ಹಸಿಂತಾ ಮದುವೆಯಾಗಲಿಲ್ಲ. ಆಗಲು ಪುರುಸೊತ್ತು ಎಲ್ಲಿತ್ತು?

ಬಾಸಿಲಿಯಾಳ ಮಗಳು ಮಾರ್ಲೆನಿಗೆ ಮೊದಲ ಸಲ ಕೂದಲು ತೆಗೆಯುವ ಶಾಸ್ತ್ರವಾದಾಗ ಕತ್ತರಿ ಹಿಡಿದದ್ದು ಹಸಿಂತಾ. ಕೂದಲ ಎಳೆ ಕತ್ತರಿಸಿದವರು ತಟ್ಟೆಗೆ ದುಡ್ಡು ಹಾಕಬೇಕು, ಅದೇ ಮಗುವಿನ ಮೊದಲ ಗಂಟು. ಹಸಿಂತಾ ಅವತ್ತು ಹಾಕಿದ ನೋಟು ನೋಡಿ ನೆರೆದವರೆಲ್ಲ ಹುಬ್ಬೇರಿಸಿದ್ದರು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಹೆತ್ತವಳೊಬ್ಬಳು, ಕತ್ತರಿ ಹಿಡಿದವಳೊಬ್ಬಳು, ಒಂದೇ ಮಗುವಿಗೆ ಇಬ್ಬರು ತಾಯಂದಿರು. ಒಡಹುಟ್ಟಿದವರಿಲ್ಲದ ಬಾಸಿಲಿಯಾಳಿಗೆ ಇದಕ್ಕಿಂತ ಹತ್ತಿರದ ಸಂಬಂಧ ಬೇರೆ ಇರಲಿಲ್ಲ.

ಆ ವರ್ಷ ಹಸಿಂತಾಳ ಬಾಳಿನಲ್ಲಿ ಒಂದೇ ಒಂದು ಬಾಗಿಲು ತೆರೆದಿತ್ತು. ಅವಳ ಅಂಗಡಿಯ ಒಡತಿ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುತ್ತಿದ್ದ ದೆಲ್ಮೀರಾಗೆ ವಯಸ್ಸಾಗಿತ್ತು. ಎಲ್ಲವನ್ನೂ ಮಾರಿ ದೂರದ ಊರಿನ ಮಗನ ಮನೆ ಸೇರುವ ಯೋಚನೆ ಮಾಡಿದ್ದಳು. ಇಷ್ಟು ವರ್ಷ ಬಾಡಿಗೆ ತಪ್ಪಿಸದವಳು ನೀನು, ಮೊದಲು ನಿನ್ನನ್ನೇ ಕೇಳುತ್ತೇನೆ ಎಂದು ಹಸಿಂತಾಳನ್ನು ಕೂರಿಸಿಕೊಂಡು ಹೇಳಿದ್ದಳು. ಕಾರ್ನಿವಾಲ್ ಹಬ್ಬದೊಳಗೆ ಆರು ಸಾವಿರ ಬೊಲಿವಿಯಾನೊ ಮುಂಗಡ ಕೊಟ್ಟರೆ ಸಾಕು, ಉಳಿದದ್ದನ್ನು ಈಗ ಬಾಡಿಗೆ ಕಟ್ಟುವ ಹಾಗೆ ಕಂತಿನಲ್ಲಿ ಕಟ್ಟಬಹುದು. ಕೊಡದಿದ್ದರೆ ಬೇರೆಯವರಿಗೆ ಮಾರುತ್ತಾಳೆ, ಕೊಂಡವರು ಹಸಿಂತಾಳನ್ನು ಎಬ್ಬಿಸುತ್ತಾರೆ. ಆರು ಸಾವಿರವೆಂದರೆ ಸರಿಯಾಗಿ ನಮ್ಮ ಸಾಲಿನ ಪಾಸಾನಾಕು ಚೀಟಿಯ ಒಂದು ಸರದಿ. ಹನ್ನೆರಡು ಹೆಂಗಸರು, ತಿಂಗಳಿಗೆ ತಲೆಗೆ ಐನೂರು, ತಿಂಗಳಿಗೊಬ್ಬಳಿಗೆ ಅಷ್ಟೂ ದುಡ್ಡು. ಮೊದಲ ಸರದಿ ಯಾವತ್ತೂ ಚೀಟಿ ನಡೆಸುವ ದೋನ್ಯಾ ಕಾಸ್ತಾಳದು. ಎರಡನೆಯದು ಬಂದರೆ ಅಂಗಡಿ ಹಸಿಂತಾಳದಾಗುತ್ತಿತ್ತು. ಇದನ್ನೆಲ್ಲ ಅವಳು ಮೊದಲು ಹೇಳಿಕೊಂಡದ್ದೇ ಬಾಸಿಲಿಯಾಳ ಹತ್ತಿರ. ಎರಡು ಬರಲಿ ಎಂದು ಇಬ್ಬರೂ ಸೇರಿ ಮೇಣದ ಬತ್ತಿ ಕೂಡ ಹಚ್ಚಿ ಬಂದಿದ್ದರು.

ಜನವರಿಯ ಮೊದಲ ಭಾನುವಾರ ಸರದಿ ಎತ್ತುವುದು. ಕಾಸ್ತಾಳ ಊಟದಂಗಡಿಯಲ್ಲಿ ಶೇಂಗಾ ಸಾರು ಕುದಿಯುತ್ತಿತ್ತು. ಹಸಿಂತಾ ಬರಲಿಲ್ಲ. ಬೆಳಿಗ್ಗೆ ತಾಯಿ ಮೆಟ್ಟಿಲ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದಾರೆ, ನನ್ನ ಸರದಿಯನ್ನು ಕೊಮಾದ್ರೆ ಎತ್ತಲಿ ಎಂದು ಹೇಳಿ ಕಳಿಸಿದ್ದಳು. ಬಾರದವರ ಪರವಾಗಿ ಅವರ ಕೊಮಾದ್ರೆ ಎತ್ತುವುದು ವಾಡಿಕೆಯೇ. ಕಟ್ಟಳೆ ಇಷ್ಟೇ, ಸರದಿಯ ಅಂಕಿ ಬರೆದ ಚೀಟಿಗಳನ್ನು ಉಂಡೆ ಮಾಡಿ ಹಾಕಿಟ್ಟ ಟೋಪಿಗೆ ಕೈ ಹಾಕುವ ಮೊದಲು ಯಾರ ಹೆಸರಲ್ಲಿ ಎತ್ತುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು.

ಒಬ್ಬೊಬ್ಬಳಾಗಿ ಎತ್ತಿದರು. ಹಿರಿಯಳೆಂದು ಕೊನೆಗೆ ಎತ್ತುವುದು ಬಾಸಿಲಿಯಾಳ ದೊಡ್ಡಸ್ತಿಕೆ. ಎಲ್ಲರದೂ ಮುಗಿದಾಗ ಟೋಪಿಯಲ್ಲಿ ಕಾಗದದ ಎರಡು ಉಂಡೆ ಉಳಿದಿದ್ದವು. ಎರಡು ಇನ್ನೂ ಬಂದಿಲ್ಲ, ಹನ್ನೆರಡೂ ಬಂದಿಲ್ಲ, ಕಾಸ್ತಾಳದು ಬಿಟ್ಟರೆ ಮೊದಲನೆಯದೂ ಕೊನೆಯದೂ ನಿಮ್ಮಿಬ್ಬರಿಗೇ ಎಂದು ಹೆಂಗಸರು ನಕ್ಕರು. ಯಾರೋ ಸಾರು ಆರಿಹೋಗುತ್ತಿದೆ ಎಂದು ಅವಸರ ಮಾಡಿದರು. ಬಾಸಿಲಿಯಾ ನಗುತ್ತಲೇ ಕೈ ಹಾಕಿದಳು. ಹೆಸರು ಹೇಳುವುದನ್ನು ಮರೆತಳು. ಮರೆತದ್ದು ನಿಜವೇ, ಅದರಲ್ಲಿ ಕಪಟವಿರಲಿಲ್ಲ. ಎರಡು ಉಂಡೆಗಳೂ ಒಟ್ಟಿಗೇ ಅವಳ ಮುಷ್ಟಿಗೆ ಬಂದವು. ಬಿಡಿಸಿ ಮೇಜಿನ ಮೇಲೆ ಇಟ್ಟಳು. ಒಂದರಲ್ಲಿ ಎರಡು, ಇನ್ನೊಂದರಲ್ಲಿ ಹನ್ನೆರಡು.

ಕಾಸ್ತಾ ಸೌಟು ಹಿಡಿದೇ ಬಗ್ಗಿ ನೋಡಿ, ಎರಡು ಯಾರದು ಎಂದು ಕೇಳಿದಳು.

ಟೋಪಿಯೊಳಗೆ ವಾಪಸ್ಸು ಹಾಕಿ ಮತ್ತೆ ಎತ್ತಬಹುದಿತ್ತು. ಹಸಿಂತಾಳದು ಎಂದುಬಿಡಬಹುದಿತ್ತು. ಬಾಸಿಲಿಯಾಳಿಗೆ ಆ ದುಡ್ಡಿನ ತುರ್ತು ಏನೂ ಇರಲಿಲ್ಲ. ಒರೂರೋ ಊರಿನ ವ್ಯಾಪಾರಿಯೊಬ್ಬ ಜಿಪ್ಪು, ಗುಂಡಿಗಳ ಪೆಟ್ಟಿಗೆಗಳನ್ನು ಸಗಟಿಗೆ ಕೊಡುತ್ತೇನೆ ಎಂದಿದ್ದ, ನೋಡೋಣ ಎಂದು ಅವನನ್ನು ಕಳಿಸಿದ್ದಳು, ಅಷ್ಟೇ. ಆದರೂ ಎದುರಿಗಿದ್ದ ಅಂಕಿಯನ್ನು ನೋಡುತ್ತ ನೋಡುತ್ತ ಅವಳ ಬಾಯಿಂದ ಬಂದ ಮಾತು ಒಂದೇ.

“ನಂದು.”

ಕಾಸ್ತಾ ಒಂದು ಗಳಿಗೆ ಹೆಚ್ಚಾಗಿಯೇ ಅವಳ ಮುಖ ನೋಡಿದಳು. ಆಮೇಲೆ ಹೂಂ ಎಂದು ಸಾರು ಬಡಿಸತೊಡಗಿದಳು. ಬಾಸಿಲಿಯಾ ಸಾರು ಕುಡಿದಳು, ರುಚಿಯಾಗಿದೆ ಎಂದೂ ಹೇಳಿದಳು.

ಸಂಜೆ ಆಸ್ಪತ್ರೆಗೆ ಹೋದಳು. ಹಸಿಂತಾ ವರಾಂಡದಲ್ಲಿ ತಾಯಿಯನ್ನು ಮಲಗಿಸಿದ್ದ ಬೆಂಚಿನ ತುದಿಯಲ್ಲಿ ಕೂತು ಅವಳ ಕಾಲು ನೀವುತ್ತಿದ್ದಳು. ಎಷ್ಟು ಬಂತು ಎಂದು ಕಣ್ಣಲ್ಲೇ ಕೇಳಿದಳು. ಹನ್ನೆರಡು ಎಂದು ಕೇಳಿದ ಮೇಲೆ ಸ್ವಲ್ಪ ಹೊತ್ತು ಕಾಲು ನೀವುವುದನ್ನು ನಿಲ್ಲಿಸಿದಳು, ಮತ್ತೆ ನೀವತೊಡಗಿದಳು. ಎರಡನೆಯದು ಯಾರಿಗೆ ಹೋಯಿತು ಎಂದು ಕೇಳಿದಳು. ಬಾಸಿಲಿಯಾ ಹೇಳಿದಳು. ಆಗ ಹಸಿಂತಾಳ ಮುಖ ಅರಳಿತು.

“ನಿಂಗಾ? ಹಂಗಾದ್ರೆ ಸರಿಹೋಯ್ತು ಬಿಡು. ಕೊಮಾದ್ರೆ, ಅದಲು ಬದಲು ಮಾಡ್ಕೊಳ್ಳೋಣ್ವಾ? ನಿಂಗೆ ಡಿಸೆಂಬರ್‌ನಲ್ಲಿ ಸಿಕ್ಕಿದ್ರೂ ನಡಿಯುತ್ತಲ್ಲ?”

“ಒರೂರೋದವನಿಗೆ ಮಾತು ಕೊಟ್ಬಿಟ್ಟಿದೀನಿ ಕಣೇ. ಪೆಟ್ಟಿಗೆ ಆಗ್ಲೇ ಲಾರಿ ಹತ್ತಿರಬೇಕು.”

ಅದು ಸುಳ್ಳು. ಮಾರನೆಯ ಬೆಳಿಗ್ಗೆಯೇ ಎದ್ದು ಫೋನು ಮಾಡಿ ಮಾತು ಕೊಟ್ಟು ಆ ಸುಳ್ಳನ್ನು ನಿಜ ಮಾಡಿಕೊಂಡಳು. ಆದರೆ ವರಾಂಡದಲ್ಲಿ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹಸಿಂತಾ ತಲೆ ತಗ್ಗಿಸಿದ್ದನ್ನು ಸಹಿಸಲಾಗದೆ, ತನ್ನ ಸಂಕಟ ಮುಚ್ಚಿಕೊಳ್ಳಲು, ತನಗೆ ಚೆನ್ನಾಗಿ ಬರುತ್ತಿದ್ದ ಒಂದೇ ಕೆಲಸ ಮಾಡಿದಳು. ಬುದ್ಧಿ ಹೇಳಿದಳು.

“ಎಷ್ಟು ವರ್ಷದಿಂದ ಬಡ್ಕೋತಿದೀನಿ ನಿಂಗೆ? ದಿನಕ್ಕೆ ಐದೈದು ಎತ್ತಿಟ್ಟಿದ್ರೂ ಇವತ್ತು ಯಾರ ಸರದೀನೂ ಕಾಯ್ಬೇಕಿರ್ಲಿಲ್ಲ. ದುಡೀತೀಯ, ಇಲ್ಲ ಅನ್ನಲ್ಲ. ಆದ್ರೆ ನಿನ್ನ ಕೈಲಿ ದುಡ್ಡು ನಿಲ್ಲಲ್ಲ ಕಣೇ. ವಿತಾಲಿಯೊ ಕೇಳಿದ ಅಂತ ಕೊಡ್ತೀಯ, ಮಕ್ಕಳು ಅತ್ತವು ಅಂತ ಕೊಡ್ತೀಯ.”

ಹಸಿಂತಾ ಹೌದು ಎಂಬಂತೆ ತಲೆಯಾಡಿಸಿದಳು. ನನ್ನ ಕೈಯಲ್ಲೇ ತೂತಿದೆ ಎಂದಳು. ಮುದುಕಿ ನೀರು ಕೇಳಿತು. ಹಸಿಂತಾ ಲೋಟ ತರಲು ಎದ್ದು ಹೋದಳು, ಬಾಸಿಲಿಯಾ ಅವಳು ಬರುವ ಮೊದಲೇ ಹೊರಟುಬಿಟ್ಟಳು.

ಫೆಬ್ರವರಿಯ ಎರಡನೆಯ ವಾರ ಆರು ಸಾವಿರ ಕೈಗೆ ಬಂತು, ಪೆಟ್ಟಿಗೆಗಳು ಬಂದವು. ಕಾರ್ನಿವಾಲ್ ಮುಗಿದ ಮೂರನೆಯ ವಾರಕ್ಕೆ ರಸ್ತೆ ತಡೆ ಶುರುವಾಯಿತು. ಯಾರು ಯಾರ ಮೇಲೆ ಸಿಟ್ಟಾಗಿದ್ದರೋ, ಬೆಟ್ಟದ ದಾರಿಗಳಿಗೆಲ್ಲ ಕಲ್ಲು ಉರುಳಿಸಿದರು. ಪಶ್ಚಿಮದಿಂದ ಒಂದು ಲಾರಿಯೂ ಇಳಿಯಲಿಲ್ಲ. ಸಂತೆಯಲ್ಲಿ ಜಿಪ್ಪಿಗೆ ಬರ ಬಂತು. ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿಗಳು ಬಾಸಿಲಿಯಾಳ ಅಂಗಡಿಯ ಮುಂದೆ ಸಾಲು ನಿಂತರು. ಅವಳು ಬೆಲೆ ಏರಿಸಲೇ ಇಲ್ಲ ಎಂದರೆ ಸುಳ್ಳಾದೀತು. ರಸ್ತೆ ತೆರೆಯುವ ಹೊತ್ತಿಗೆ ಆರು ಸಾವಿರ ಹದಿನಾರು ಸಾವಿರವಾಗಿತ್ತು. ಮೊದಲೇ ಹೇಗೆ ಗೊತ್ತಾಯಿತು ನಿಂಗೆ ಎಂದು ಸಾಲಿನವರು ಬೆರಗಾದರು. ಕೈಬಿಗಿ ಬಾಸಿಲಿಯಾಳ ಮೂಗಿಗೆ ದುಡ್ಡಿನ ವಾಸನೆ ಬರುತ್ತದೆ ಎಂದು ಹೊಸ ಮಾತು ಹುಟ್ಟಿತು. ಅವಳಿಗೆ ಏನೂ ಗೊತ್ತಿರಲಿಲ್ಲ. ಸುಳ್ಳೊಂದನ್ನು ನಿಜ ಮಾಡಲು ತರಿಸಿದ ಪೆಟ್ಟಿಗೆಗಳು ಅವು.

ಅದೇ ರಸ್ತೆ ತಡೆಯಿಂದ ದೆಲ್ಮೀರಾಳ ಅಂಗಡಿ ಕೊಳ್ಳಲು ಒಪ್ಪಿದ್ದವನು ಬರಲಾಗದೆ ಹಿಂದೆ ಸರಿದ. ಮುದುಕಿಗೆ ಮಗನ ಊರಿಗೆ ಹೊರಡುವ ಅವಸರ. ಬೆಲೆ ಇಳಿಸಿಕೊಂಡು ನೇರ ಬಾಸಿಲಿಯಾಳ ಹತ್ತಿರ ಬಂದಳು. ಬಾಸಿಲಿಯಾ ಒಂದು ದಿನ ಯೋಚಿಸಿದಳು, ಯೋಚಿಸಿ ಕೊಂಡಳು. ಬೇರೆ ಯಾರು ಕೊಂಡರೂ ಹಸಿಂತಾಳನ್ನು ಎಬ್ಬಿಸುತ್ತಾರೆ, ನಾನು ಕೊಂಡರೆ ಅವಳು ಕೂತಲ್ಲೇ ಕೂತಿರುತ್ತಾಳೆ, ಇದು ಅವಳಿಗಾಗಿಯೇ ಮಾಡುತ್ತಿರುವುದು ಎಂದು ತನಗೆ ತಾನೇ ಹೇಳಿಕೊಂಡಳು. ಪೂರ್ತಿ ಸುಳ್ಳೂ ಅಲ್ಲ ಅದು. ಹಸಿಂತಾಳ ಹತ್ತಿರ ಮಾತನ್ನೂ ಕೊಟ್ಟಳು. ಡಿಸೆಂಬರಿನಲ್ಲಿ ನಿನ್ನ ಸರದಿ ಬಂದಾಗ ಆ ಆರು ಸಾವಿರ ಮುಂಗಡವಾಗಿ ನನಗೆ ಕೊಡು, ಉಳಿದದ್ದು ಕಂತಿನಲ್ಲಿ, ನಾನು ಕೊಂಡ ಬೆಲೆಗೇ ಅಂಗಡಿ ನಿನ್ನದು, ಒಂದು ಕಾಸು ಹೆಚ್ಚು ಕೇಳುವುದಿಲ್ಲ. ಹಸಿಂತಾ ಅವಳ ಎರಡೂ ಕೈ ಹಿಡಿದುಕೊಂಡಳು. ಆ ಹಿಡಿತದಿಂದ ಕೈ ಬಿಡಿಸಿಕೊಳ್ಳುವುದು ಹೇಗೆಂದು ಬಾಸಿಲಿಯಾಳಿಗೆ ತಿಳಿಯಲಿಲ್ಲ.

ಅಲ್ಲಿಂದ ಶನಿವಾರಗಳೆಂದರೆ ಅವಳಿಗೆ ಭಯ. ಶನಿವಾರ ಸಂಜೆ ಹಸಿಂತಾ ಬಾಡಿಗೆ ತಂದು ಗುಂಡಿ ಡಬ್ಬಗಳ ಮೇಲೆ ಇಡುತ್ತಿದ್ದಳು. ದೆಲ್ಮೀರಾಗೆ ಕೊಡುತ್ತಿದ್ದಷ್ಟೇ ಬಾಡಿಗೆ. ಇಡುವಾಗ ಗಿರಾಕಿಗಳ ಎದುರಿಗೇ, ನನ್ನ ಕೊಮಾದ್ರೆ ಇಲ್ಲದಿದ್ದರೆ ನಾನು ಬೀದಿಗೆ ಬೀಳುತ್ತಿದ್ದೆ ಎನ್ನುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಈ ಕೃತಜ್ಞತೆಯನ್ನು ತಡೆದುಕೊಳ್ಳುವುದು ಹೇಗೆ? ಬಾಡಿಗೆ ಬೇಡ ಎನ್ನೋಣವೆಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳುವ ಧೈರ್ಯವಿರಲಿಲ್ಲ. ಹಾಗಾಗಿ ಪ್ರತಿ ಶನಿವಾರವೂ ತೆಗೆದುಕೊಂಡಳು. ಹುಡುಗಿಯರಿಗೆ ಬುದ್ಧಿ ಹೇಳಲು ಕೂತರೆ ಈಗ ಪಕ್ಕದ ಅಂಗಡಿಯವಳಿಗೆ ಕೇಳಿಸೀತೆಂದು ದನಿ ತಗ್ಗಿಸುತ್ತಿದ್ದಳು.

ಒಮ್ಮೆ ಚರ್ಚಿಗೂ ಹೋಗಿ ಪಾದ್ರಿಯ ಮುಂದೆ ಮಂಡಿಯೂರಿದಳು. ಪಾದ್ರಿ ಎಲ್ಲ ಕೇಳಿ, ಹೆಸರು ಹೇಳುವ ಮುಂಚೆ ಆ ಎರಡನೆಯ ಸರದಿ ಯಾರದಾಗಿತ್ತು ಎಂದು ವಿಚಾರಿಸಿದರು. ಯಾರದೂ ಆಗಿರಲಿಲ್ಲ ಸ್ವಾಮಿ ಎಂದಳು. ಹಾಗಿದ್ದರೆ ಕದ್ದದ್ದಾದರೂ ಯಾರಿಂದ, ನಿನಗೂ ಬರಬಹುದಿತ್ತಲ್ಲ ಎಂದು ಸಣ್ಣ ಪ್ರಾರ್ಥನೆಯೊಂದನ್ನು ವಿಧಿಸಿ ಕಳಿಸಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅವರು ಆ ವರಾಂಡದಲ್ಲಿ ಇರಲಿಲ್ಲ. ಅವಳು ಹೇಳಿದ ಬುದ್ಧಿಮಾತನ್ನು ಅವರು ಕೇಳಿರಲಿಲ್ಲ, ಅವಳೂ ಅದನ್ನು ಪಾಪದ ಲೆಕ್ಕಕ್ಕೆ ಸೇರಿಸಿ ಹೇಳಿರಲಿಲ್ಲ.

ಡಿಸೆಂಬರ್ ಒಂದೇ ಅವಳಿಗಿದ್ದ ಆಸೆ. ಅಂಗಡಿ ಹಸಿಂತಾಳ ಕೈ ಸೇರಿದರೆ ಈ ಹೊರೆ ಇಳಿಯುತ್ತದೆ ಎಂದು ದಿನ ಎಣಿಸುತ್ತಿದ್ದಳು. ಆದರೆ ಸೊಂಟ ಮುರಿದ ಮುದುಕಿ ಮತ್ತೆ ಮೇಲೇಳಲೇ ಇಲ್ಲ. ನಮ್ಮ ಕಡೆಯ ಜೂನ್, ಜುಲೈ ಚಳಿಗಾಲವಿಡೀ ಮೈ ಹುಣ್ಣಾಗಿ, ಎದೆಗೆ ಕಫ ಕಟ್ಟಿ, ಅಕ್ಟೋಬರಿನ ಕೊನೆಯ ವಾರದಲ್ಲಿ ಕಣ್ಣು ಮುಚ್ಚಿತು. ಹೋದದ್ದೂ ಎಂಥ ಹೊತ್ತಿನಲ್ಲಿ! ಸತ್ತವರು ಮನೆಗೆ ಬರುವ ಹಬ್ಬಕ್ಕೆ ನಾಲ್ಕೇ ದಿನ ಬಾಕಿ. ಆ ವರ್ಷ ಸಾವಾದ ಮನೆಯಲ್ಲಿ ದೊಡ್ಡ ಮೇಜು ಹಾಕಲೇಬೇಕು. ಏಣಿಯಾಕಾರದ ರೊಟ್ಟಿ, ಮಗುವಿನಾಕಾರದ ರೊಟ್ಟಿ, ಹಣ್ಣು, ಚಿಚಾ, ಬಂದು ಪ್ರಾರ್ಥನೆ ಹೇಳಿದವರಿಗೆಲ್ಲ ಕೈತುಂಬ ಕೊಡಬೇಕು, ಕೇರಿಯೇ ಬರುತ್ತದೆ. ಶವಪೆಟ್ಟಿಗೆ, ಆಸ್ಪತ್ರೆಯ ಬಾಕಿ, ರೊಟ್ಟಿಯ ಹಿಟ್ಟು ಎಲ್ಲಕ್ಕೂ ಹಸಿಂತಾ ತನ್ನ ಡಿಸೆಂಬರಿನ ಸರದಿಯನ್ನು ತೋರಿಸಿಯೇ ಸಾಲ ತಂದಳು. ವಿತಾಲಿಯೊ ತಾಯಿಗಾಗಿ ತುತ್ತೂರಿ ಊದಿ ಗೋಳೋ ಎಂದು ಅತ್ತ, ಬಂದವರಿಗಿಂತ ಹೆಚ್ಚು ಕುಡಿದ. ಬಾಸಿಲಿಯಾ ಹಿಟ್ಟು ನಾದಲು ಹೋಗಿದ್ದಳು, ದುಡ್ಡನ್ನೂ ಕೊಡಲು ಹೋದಳು. ಹಸಿಂತಾ ಇಸಿದುಕೊಳ್ಳಲಿಲ್ಲ. ನಿನ್ನ ಅಂಗಡಿ ಬಾಕಿಯೇ ಇದೆ, ಇನ್ನೂ ಎಷ್ಟು ಋಣ ಹೊರಲಿ ಎಂದಳು.

ಡಿಸೆಂಬರ್ ಎರಡನೆಯ ವಾರ ಕಾಸ್ತಾ ಆರು ಸಾವಿರ ತಂದು ಹಸಿಂತಾಳ ಮಡಿಲಿಗೆ ಹಾಕಿದಳು. ಬೆಳಿಗ್ಗೆ ಬಂದ ದುಡ್ಡು ಮಧ್ಯಾಹ್ನದ ಊಟದೊಳಗೆ ಖರ್ಚಾಯಿತು. ಸಾಲ ಕೊಟ್ಟವರು ಒಬ್ಬರ ಹಿಂದೊಬ್ಬರು ಬಂದು, ಪಾಪ ನಯವಾಗಿಯೇ, ಇಸಿದುಕೊಂಡು ಹೋದರು. ಪಕ್ಕದ ಅಂಗಡಿಯಿಂದ ಬಾಸಿಲಿಯಾ ನೋಡುತ್ತ ಕೂತಿದ್ದಳು. ಆಗ ಅವಳ ಮನಸ್ಸಿನಲ್ಲಿ ಒಂದು ಯೋಚನೆ ಮೂಡಿತು. ನೋಡು, ಫೆಬ್ರವರಿಯಲ್ಲಿ ಕೊಟ್ಟಿದ್ದರೂ ಹೀಗೇ ಕರಗಿಹೋಗುತ್ತಿತ್ತು, ನಾನು ತಡೆದದ್ದರಿಂದ ನಷ್ಟವೇನೂ ಆಗಲಿಲ್ಲ. ವರ್ಷವಿಡೀ ಸಿಗದ ನೆಮ್ಮದಿ ಆ ಯೋಚನೆಯಿಂದ ಸಿಕ್ಕಿತು. ಎಷ್ಟು ಹೊತ್ತು ಸಿಕ್ಕಿತು? ಒಬ್ಬ ಗಿರಾಕಿಗೆ ಗುಂಡಿ ಎಣಿಸಿ ಕೊಡುವಷ್ಟು ಹೊತ್ತು. ಆಮೇಲೆ ತಿಳಿಯಿತು. ಫೆಬ್ರವರಿಯಲ್ಲಿ ಕೊಟ್ಟಿದ್ದರೆ ಆ ದುಡ್ಡು ಮಾರನೆಯ ದಿನವೇ ಮರ, ತಗಡು, ಬೀಗವಾಗಿ ನಿಂತಿರುತ್ತಿತ್ತು, ಅದನ್ನು ಸಾಲ ಕೊಟ್ಟವರಿಗೆ ಎಣಿಸಿ ಕೊಡಲಾಗುತ್ತಿರಲಿಲ್ಲ. ವರ್ಷವಿಡೀ ಕಟ್ಟಿದ ಬಾಡಿಗೆ ಕಂತಾಗಿ ಸೇರಿರುತ್ತಿತ್ತು. ತಾಯಿಯ ಸಾವು ಹಸಿಂತಾಳ ಅಂಗಡಿಯನ್ನು ಮುಟ್ಟುತ್ತಿರಲಿಲ್ಲ. ಗೆಳತಿಯ ತಾಯಿ ಸತ್ತದ್ದರಲ್ಲಿ ತನಗೆ ಸಮಾಧಾನ ಹುಡುಕಿದೆನಲ್ಲ ಎಂದು ಬಾಸಿಲಿಯಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಆ ದಿನಗಳಲ್ಲಿ ಬಾಲಯೇಸುವಿನ ಗೊಂಬೆಗಳಿಗೆ ಅಂಗಿ ಹೊಲಿಸುವವರು ಲೇಸಿಗಾಗಿ ಮುಗಿಬೀಳುತ್ತಾರೆ. ಸಂಜೆ ಜನ ಕಡಿಮೆಯಾದ ಮೇಲೆ ಹಸಿಂತಾ ಉಳಿದ ಲೇಸನ್ನು ರಟ್ಟಿಗೆ ಸುತ್ತುತ್ತ ಕೂತಿದ್ದಳು. ಬಾಸಿಲಿಯಾ ಅವಳ ಎದುರಿನ ಮಣೆ ಎಳೆದುಕೊಂಡು ಕೂತಳು. ಅವತ್ತು ಟೋಪಿಯಿಂದ ಎರಡೂ ಒಂದೇ ಕೈಗೆ ಬಂದವು, ನಾನು ಹೆಸರು ಹೇಳಿರಲಿಲ್ಲ, ಎರಡು ನಂದು ಅಂತ ನಾನೇ ಆರಿಸಿಕೊಂಡೆ, ವ್ಯಾಪಾರಿಗೆ ಮಾತು ಕೊಟ್ಟದ್ದೂ ಸುಳ್ಳು ಎಂದು ತಡವರಿಸದೆ ಹೇಳಿ ಮುಗಿಸಿದಳು. ಹೇಳುವಾಗ ಹಸಿಂತಾಳ ಕೈಗಳನ್ನೇ ನೋಡುತ್ತಿದ್ದಳು. ಆ ಕೈಗಳು ಸುತ್ತುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣೇ,” ಎಂದಳು ಹಸಿಂತಾ. “ಕಾಸ್ತಾ ಅದೇ ವಾರ ಬಂದು ಹೇಳಿದ್ಲು.”

“ಗೊತ್ತಿದ್ದೂ ಸುಮ್ನಿದ್ಯಾ?”

“ಜಗಳ ಆಡಿ ಏನ್ಮಾಡ್ಲಿ? ನಿನ್ನ ಜಾಗದಲ್ಲಿ ನಾನಿದ್ದು, ಎರಡೂ ನನ್ನ ಕೈಗೇ ಬಂದಿದ್ರೆ, ನಾನೂ ಎರಡನ್ನೇ ಇಟ್ಕೋತಿದ್ನೇನೋ. ದೇವರಾಣೆಗೂ ಗೊತ್ತಿಲ್ಲ ನಂಗೆ. ಅದಕ್ಕೆ ನಂಗೆ ಸಿಟ್ಟಿಲ್ಲ. ಆದ್ರೆ ಕೊಮಾದ್ರೆ, ಇಟ್ಕೊಂಡ ಮೇಲೆ ನೋವಲ್ಲಿ ಮಲಗಿರೋ ನಿಮ್ಮಮ್ಮನ ಪಕ್ಕ ಕೂತು, ದುಡ್ಡು ಉಳಿಸೋದು ಹೆಂಗೆ ಅಂತ ನಿಂಗೆ ಪಾಠ ಹೇಳ್ತಿರ್ಲಿಲ್ಲ.”

ಬಾಸಿಲಿಯಾ ವರ್ಷವಿಡೀ ಟೋಪಿಯ ಬಗ್ಗೆಯೇ ಕೊರಗಿದ್ದಳು, ವರಾಂಡದ ಆ ಮಾತಿನ ನೆನಪು ಬಂದಾಗಲೆಲ್ಲ ಬೇರೇನಾದರೂ ಯೋಚಿಸುತ್ತಿದ್ದಳು. ತಪ್ಪಾಯಿತು ಎಂದು ಹೇಗೋ ಹೇಳಿದಳು. ಹಸಿಂತಾ ಆಯಿತು ಬಿಡು ಎಂದಳು. ಅದು ಕ್ಷಮಿಸಿದ ಮಾತೋ, ಸಾಕು ನಿಲ್ಲಿಸು ಎಂಬ ಮಾತೋ ತಿಳಿಯಲಿಲ್ಲ.

ಆ ಶನಿವಾರ ಹಸಿಂತಾ ಎಂದಿನಂತೆ ಬಾಡಿಗೆ ತಂದು ಡಬ್ಬದ ಮೇಲಿಟ್ಟಳು. ಬಾಸಿಲಿಯಾ ಅದನ್ನು ಅವಳ ಕಡೆಗೇ ನೂಕಿದಳು. ಬಾಡಿಗೆ ಬೇಡ, ಅಂಗಡಿ ನಿನ್ನದು, ಸೋಮವಾರ ನೋಟರಿಯ ಹತ್ತಿರ ಹೋಗಿ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ಮುಂಗಡವೂ ಬೇಡ ಏನೂ ಬೇಡ ಎಂದಳು. ಈ ಮಾತನ್ನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದಳು. ಆಡಿ ನೋಡಿದಾಗಲೆಲ್ಲ ಹಸಿಂತಾ ಅಳುತ್ತಿದ್ದಳು, ಇಬ್ಬರೂ ತಬ್ಬಿಕೊಳ್ಳುತ್ತಿದ್ದರು. ಹಸಿಂತಾ ಅಳಲಿಲ್ಲ.

“ನನ್ನ ಹೆಸರಿಗೆ ಬೇಡ.”

“ಸಿಟ್ಟಾ?”

“ಸಿಟ್ಟಲ್ಲ ಮಾರಾಯ್ತಿ. ನನ್ನ ಹೆಸರಿಗಾದ್ರೆ ಕಾರ್ನಿವಾಲ್ ಹೊತ್ತಿಗೆ ವಿತಾಲಿಯೊ ಬಂದು ಅಡ ಇಡೋಣ ಅಂತಾನೆ. ಒಂದೇ ತಿಂಗಳು ಅಕ್ಕಾ ಅಂತಾನೆ. ನಾನು ಹೂಂ ಅಂತೀನಿ. ನನ್ನ ಬುದ್ಧಿ ನಂಗೊತ್ತಿಲ್ವಾ, ಅಂದೇ ಅಂತೀನಿ. ಇಲ್ಲಾಂದ್ರೆ ಮಕ್ಕಳಲ್ಲಿ ಒಂದಕ್ಕೆ ಕಾಯಿಲೆ ಆಗುತ್ತೆ. ನಿನ್ನ ಹೆಸರಲ್ಲೇ ಇರ್ಲಿ. ಬಾಡಿಗೇನೂ ತಗೊಂಡು ನಿನ್ನ ಹತ್ರಾನೇ ಇಟ್ಟಿರು, ಅಂಗಡಿ ಬೆಲೆಗೆ ಮುರ್ಕೋ. ಕೊನೇ ಮಗು ಶಾಲೆ ಮುಗಿಸ್ಲಿ, ಆಮೇಲೆ ನೋಡೋಣ.”

“ನಾನು ಏನು ಮಾಡ್ದೆ ಅಂತ ಗೊತ್ತಿದ್ದೂ ನನ್ನ ಹತ್ರ ಇಡ್ತೀಯಾ?”

ಹಸಿಂತಾ ನೋಟುಗಳನ್ನು ಎತ್ತಿ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ, ಸಂತೆಯಲ್ಲಿ ದಾರದ ಬೆಲೆ ಹೇಳುವ ದನಿಯಲ್ಲೇ ಹೇಳಿದಳು.

“ಇನ್ಯಾರ ಹತ್ರ ಇಡ್ಲಿ ಹೇಳು? ನಿನ್ನ ಹತ್ರ ಬಂದು ಕೇಳೋರು ಯಾರೂ ಇಲ್ವಲ್ಲ.”

ಯಾರೋ ಗಿರಾಕಿ ಕುಚ್ಚು ಕೇಳಿಕೊಂಡು ಬಂದಳು, ಹಸಿಂತಾ ಎದ್ದು ತನ್ನ ಅಂಗಡಿಗೆ ಹೋದಳು. ಬಾಸಿಲಿಯಾ ಆ ನೋಟುಗಳನ್ನು ತನ್ನ ದುಡ್ಡಿನ ಚೀಲಕ್ಕೆ ಸೇರಿಸಲಾಗದೆ ಕರವಸ್ತ್ರದಲ್ಲಿ ಗಂಟು ಕಟ್ಟಿ ರವಿಕೆಯೊಳಗೆ ಇಟ್ಟುಕೊಂಡಳು. ಕತ್ತಲಾಗುವ ಮೊದಲು ಬಾಗಿಲು ಹಾಕಿ ಮನೆಯ ಕಡೆ ನಡೆದಳು. ಮಾರ್ಲೆನಿ ಕೆಲಸದ ಊರಿನಲ್ಲಿದ್ದಳು, ಮೇಲಿನ ಅಂತಸ್ತಿನಲ್ಲಿ ದೀಪವಿರಲಿಲ್ಲ. ಪಕ್ಕದ ಮನೆಗಳ ಮೆಟ್ಟಿಲ ಮೇಲೆ ಮಕ್ಕಳು ತಾಯಂದಿರ ಲಂಗ ಹಿಡಿದೆಳೆದು ಏನೇನೋ ಬೇಕೆಂದು ಪೀಡಿಸುತ್ತಿದ್ದವು, ತಾಯಂದಿರು ಗದರುತ್ತಲೇ ಸೊಂಟದ ಚೀಲ ಬಿಚ್ಚುತ್ತಿದ್ದರು. ಹಸಿಂತಾಳ ದುಡ್ಡನ್ನು ಎದೆಗೆ ಒತ್ತಿಕೊಂಡು ಅವಳು ಅವರ ನಡುವೆಯೇ ಹಾದುಹೋದಳು. ಮನೆ ಸೇರುವವರೆಗೂ ಯಾರೂ ಅವಳನ್ನು ಏನನ್ನೂ ಕೇಳಲಿಲ್ಲ.